ಎಂಡಿ, ಎಂಎಸ್ ಮುಗಿಸಿ ಬಂದ ಡಾಕ್ಟರ್ ಕೆಲಸ ಹೇಗಿದೆ ಅಂತ ಯಾರು ನೋಡಬೇಕು, ಏನು ನೋಡಬೇಕು?

ಬೆಳೆಗಾರ_ದಕ್ಷಿಣ ಕೊಡಗು

ಎಲ್ಲರಿಗೂ ನಮಸ್ಕಾರ. ನಾನು ಡಾಕ್ಟರ್ ಅಲ್ಲ, ಕಾಫಿ ಮೆಣಸು ಬೆಳೆಯುವವನು. ನಮ್ಮ ಕಡೆಯ ಒಂದು ಸಣ್ಣ ಟ್ರಸ್ಟ್ ಆಸ್ಪತ್ರೆಯ ಸಮಿತಿಯಲ್ಲಿ ನನ್ನನ್ನೂ ಕೂರಿಸಿದ್ದಾರೆ. ಅಲ್ಲಿ ಒಬ್ಬರು ಸರ್ಜನ್, ಒಬ್ಬರು ಹೆರಿಗೆ ಡಾಕ್ಟರ್, ಒಬ್ಬರು ಫಿಸಿಶಿಯನ್. ಮೂವರೂ ಓದು ಮುಗಿಸಿ ಜಾಸ್ತಿ ವರ್ಷ ಆಗಿಲ್ಲ. ವರ್ಷಕ್ಕೊಮ್ಮೆ ಅವರ ಕರಾರು ನವೀಕರಿಸಬೇಕು. ಆಗ ಸಮಿತಿಯಲ್ಲಿ ನಡೆಯುವ ಮಾತು ಕೇಳಿದರೆ ನಿಮಗೆ ನಗು ಬರಬಹುದು. ಒಬ್ಬರು ಓಪಿಡಿ ಲೆಕ್ಕ, ಅಂದರೆ ಹೊರರೋಗಿಗಳು ಎಷ್ಟು ಬಂದರು ಎಂದು ಕೇಳುತ್ತಾರೆ. ಇನ್ನೊಬ್ಬರು 'ಗೋಲ್ಡ್ ಮೆಡಲ್ ತೆಗೆದವರು ಕಣ್ರೀ, ಇನ್ನೇನು ನೋಡುವುದು' ಅನ್ನುತ್ತಾರೆ. ಮತ್ತೊಬ್ಬರಿಗೆ ಎಷ್ಟು ಆಪರೇಷನ್, ಎಷ್ಟು ಸಾವು ಎಂಬ ಪಟ್ಟಿ ಬೇಕು. ನನಗೆ ಇದ್ಯಾವುದೂ ಸರಿ ಕಾಣುತ್ತಿಲ್ಲ. ಚೀಲದ ತೂಕ ನೋಡಿ ಯಾರೂ ಕಾಫಿಗೆ ರೇಟು ಕಟ್ಟುವುದಿಲ್ಲ, ಔಟ್‌ಟರ್ನ್ (ಆ ಚೀಲದಿಂದ ಸಿಗುವ ಬೀಜ ಎಷ್ಟು ಎಂದು) ನೋಡುತ್ತಾರೆ. ಡಾಕ್ಟರ್ ಕೆಲಸದಲ್ಲಿ ಆ ಔಟ್‌ಟರ್ನ್ ಯಾವುದು? ಇಲ್ಲಿ ಡಾಕ್ಟರುಗಳು, ಸಿಸ್ಟರುಗಳು ಇದ್ದೀರಿ. ದಯವಿಟ್ಟು ಬಿಡಿಸಿ ಹೇಳಿ.

ಹಳೇ_ಸ್ಟೆತ್

ಒಳ್ಳೆಯ ಪ್ರಶ್ನೆ. ನಾನು ನಿವೃತ್ತ ಫಿಸಿಶಿಯನ್, ಸರ್ಕಾರಿ ಸೇವೆಯಲ್ಲಿದ್ದವನು.

1990ರಲ್ಲಿ ಜಾರ್ಜ್ ಮಿಲ್ಲರ್ ಎಂಬ ಅಮೆರಿಕದ ಶಿಕ್ಷಕರು ವೈದ್ಯರ ಸಾಮರ್ಥ್ಯವನ್ನು ನಾಲ್ಕು ಮೆಟ್ಟಿಲಾಗಿ ಬಿಡಿಸಿದರು. ವಿಷಯ ಗೊತ್ತಿರುವುದು, ಹೇಗೆ ಮಾಡಬೇಕೆಂದು ಗೊತ್ತಿರುವುದು, ಪರೀಕ್ಷಕರ ಮುಂದೆ ಮಾಡಿ ತೋರಿಸುವುದು, ಕೊನೆಗೆ ಯಾರೂ ನೋಡದಿದ್ದಾಗಲೂ ದಿನವೂ ಹಾಗೆಯೇ ಮಾಡುವುದು. ನಿಮ್ಮ ಸಮಿತಿಯವರು ಹೇಳುವ ಗೋಲ್ಡ್ ಮೆಡಲ್ ಮೂರನೇ ಮೆಟ್ಟಿಲಿನವರೆಗೆ ಸಾಕ್ಷಿ. ನಿಮಗೆ ಬೇಕಾದದ್ದು ನಾಲ್ಕನೆಯದು.

ನಮ್ಮಲ್ಲಿ ಆ ನಾಲ್ಕನೆಯದನ್ನು ನೋಡುವವರೇ ಇಲ್ಲ. ಕರ್ನಾಟಕದಲ್ಲಿ ನೋಂದಣಿ ನವೀಕರಿಸಲು 5 ವರ್ಷಕ್ಕೆ 30 ಕ್ರೆಡಿಟ್ ಅವರ್ ಬೇಕು. ಅಂದರೆ ಸಮ್ಮೇಳನಕ್ಕೆ ಹೋಗಿ ಕೂತರೆ ಆಯಿತು, ಮಧ್ಯಾಹ್ನದ ಊಟವೂ ಆಯಿತು. ಬ್ರಿಟನ್‌ನಲ್ಲಿ 2012ರ ಡಿಸೆಂಬರ್‌ನಿಂದ ಬೇರೆ ಪದ್ಧತಿ ಇದೆ. ಪ್ರತಿ ವರ್ಷ ಅಪ್ರೈಸಲ್. 5 ವರ್ಷಕ್ಕೊಮ್ಮೆ ಲೈಸೆನ್ಸ್ ಮುಂದುವರಿಸುವ ಮೊದಲು ಜೊತೆ ಕೆಲಸ ಮಾಡುವವರ ಅಭಿಪ್ರಾಯ, ರೋಗಿಗಳ ಅಭಿಪ್ರಾಯ ಎರಡನ್ನೂ ತೋರಿಸಬೇಕು. ಬ್ರಿಸ್ಟಲ್ ಆಸ್ಪತ್ರೆಯಲ್ಲಿ ಮಕ್ಕಳ ಹೃದಯದ ಆಪರೇಷನ್‌ಗಳಲ್ಲಿ ಸಾವು ಜಾಸ್ತಿ ಆಗುತ್ತಿದ್ದರೂ ವರ್ಷಗಟ್ಟಲೆ ಯಾರೂ ತಡೆಯಲಿಲ್ಲ. ಅದರ ವಿಚಾರಣಾ ವರದಿ 2001ರಲ್ಲಿ ಬಂತು. ಆಮೇಲೆ ಅಲ್ಲಿಯವರು ಸುಮ್ನೆ ಕೂರಲು ಆಗಲಿಲ್ಲ.

ಇನ್ನೊಂದು ಮಾತು. 'ಅನುಭವ ಜಾಸ್ತಿ ಇದ್ದವರು ಒಳ್ಳೆಯವರು' ಎಂದು ಸಮಿತಿಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. 2005ರಲ್ಲಿ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅರ್ಧಕ್ಕಿಂತ ಹೆಚ್ಚಿನವು ಹೇಳಿದ್ದು, ವರ್ಷ ಕಳೆದ ಹಾಗೆ ಕೆಲಸದ ಮಟ್ಟ ಇಳಿಯುತ್ತದೆ ಎಂದು. ನನ್ನಂಥ ಮುದುಕರಿಗೆ ಇದು ಸಿಹಿ ಸುದ್ದಿ ಅಲ್ಲ.

ಓಟಿ_ಸಿಸ್ಟರ್

ಸಾರ್, ನೀವು ಬ್ರಿಟನ್ ತನಕ ಹೋದಿರಿ. ನಮ್ಮನ್ನು ಕೇಳಿದರೆ ಸಾಕಿತ್ತು.

ಡಾಕ್ಟರ್ ಹೇಗೆ ಅಂತ ಸಿಸ್ಟರುಗಳಿಗೆ ಒಂದೇ ತಿಂಗಳಲ್ಲಿ ಗೊತ್ತಾಗುತ್ತದೆ. ಹೊಟ್ಟೆ ಮುಚ್ಚುವ ಮೊದಲು 'ಸಿಸ್ಟರ್, ಮಾಪ್ ಕೌಂಟ್ ಸರಿ ಇದೆಯಾ' (ರಕ್ತ ಒರೆಸಲು ಒಳಗಿಟ್ಟ ಬಟ್ಟೆಗಳೆಲ್ಲ ಹೊರಗೆ ಬಂದವಾ) ಎಂದು ಕೇಳಿ, ಉತ್ತರ ಬರುವ ತನಕ ಸೂಜಿ ಹಿಡಿದ ಕೈ ನಿಲ್ಲಿಸುವವರು ಒಂದು ಜಾತಿ. ಕೇಳಿದ ಶಾಸ್ತ್ರ ಮುಗಿಸಿ ಹೊಲಿಯುತ್ತಲೇ ಇರುವವರು ಇನ್ನೊಂದು ಜಾತಿ. ಇಬ್ಬರ ಚೆಕ್‌ಲಿಸ್ಟ್‌ನಲ್ಲೂ ಟಿಕ್ ಬಿದ್ದಿರುತ್ತದೆ.

ಹೆರಿಗೆ ವಾರ್ಡಿನ ಪಾರ್ಟೋಗ್ರಾಫ್ ತೆಗೆದು ನೋಡಿ. ನೋವು ಶುರುವಾದ ಮೇಲೆ ಮಗುವಿನ ಎದೆಬಡಿತ, ಗರ್ಭದ ಬಾಯಿ ಎಷ್ಟು ತೆರೆದಿದೆ, ಎಲ್ಲ ಆಗಾಗ ಗುರುತು ಹಾಕಬೇಕಾದ ಹಾಳೆ ಅದು. ಕೆಲವು ಹಾಳೆಯಲ್ಲಿ ಆರು ಗಂಟೆಯ ಗುರುತೂ ಒಂದೇ ಪೆನ್ನು, ಒಂದೇ ಒತ್ತು, ಒಂದೇ ಓರೆ. ಹೆರಿಗೆ ಆದ ಮೇಲೆ ಕೂತು ತುಂಬಿದ್ದು. ಇದರಲ್ಲಿ ನಮ್ಮವರ ಪಾಲೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ರೌಂಡ್ಸಿಗೆ ಬಂದಾಗ ಆ ಹಾಳೆ ಕೇಳಿ ನೋಡುವ ಡಾಕ್ಟರ್ ಇದ್ದರೆ ಯಾರೂ ಹಾಗೆ ತುಂಬುವುದಿಲ್ಲ.

ಮತ್ತೆ ಫೋನು. ರಾತ್ರಿ ಎರಡು ಗಂಟೆಗೆ 'ಪೇಷಂಟ್ ಯಾಕೋ ಸರಿ ಇಲ್ಲ ಸಾರ್' ಎಂದರೆ ಬಿಪಿ ಎಷ್ಟು, ಯೂರಿನ್ ಎಷ್ಟು ಬಂತು ಎಂದು ಕೇಳಿ ಎದ್ದು ಬರುವವರಿದ್ದಾರೆ. 'ಇಷ್ಟಕ್ಕೆ ಎಬ್ಬಿಸಿದ್ಯಾ' ಎನ್ನುವವರೂ ಇದ್ದಾರೆ. ಎರಡು ಸಲ ಹಾಗೆ ಬೈಸಿಕೊಂಡ ಹುಡುಗಿ ಮೂರನೇ ಸಲ ಫೋನ್ ಮಾಡುವುದಿಲ್ಲ. ಆ ಮೂರನೇ ಸಲ ಏನಾಗಬಹುದು ಅಂತ ನಾನು ಬರೆಯುವುದು ಬೇಡ. ಹಿಂದೆ ಒಂದು ಕಡೆ ಕೆಲಸ ಮಾಡುವಾಗ ಇದನ್ನು ಮೇಲಿನವರಿಗೆ ಹೇಳಿದ್ದೆ. 'ನೀನು ಡಾಕ್ಟರಿಗೆ ಮಾರ್ಕ್ಸ್ ಹಾಕುತ್ತೀಯಾ' ಎಂದರು.

ಲ್ಯಾಪ್_ಸರ್ಜನ್

ಓಟಿ ಸಿಸ್ಟರ್ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಆದರೆ ಆಪರೇಷನ್ ಎಷ್ಟು, ಸಾವು ಎಷ್ಟು ಎಂಬ ಪಟ್ಟಿ ಕೇಳುವ ಸದಸ್ಯರಿಗೆ ಒಂದು ಮಾತು.

ನ್ಯೂಯಾರ್ಕ್ ರಾಜ್ಯದಲ್ಲಿ 1989ರಿಂದ ಬೈಪಾಸ್ ಆಪರೇಷನ್‌ಗಳ ಲೆಕ್ಕ ಇಟ್ಟರು. ಪತ್ರಿಕೆಯೊಂದು ಕೋರ್ಟಿಗೆ ಹೋದ ಮೇಲೆ ಒಬ್ಬೊಬ್ಬ ಸರ್ಜನ್ ಹೆಸರಿನಲ್ಲೂ ಸಾವಿನ ಪ್ರಮಾಣ ಹೊರಗೆ ಬಂತು. ಕಷ್ಟದ ರೋಗಿಗಳನ್ನು ಮುಟ್ಟಲು ಕೆಲವರು ಹಿಂಜರಿಯತೊಡಗಿದರು ಎಂಬ ದೂರು ಅದರ ಹಿಂದೆಯೇ ಬಂತು. ಆ ವಾದ ಇನ್ನೂ ಮುಗಿದಿಲ್ಲ. ಅವರು ರೋಗಿಯ ವಯಸ್ಸು, ಹೃದಯದ ಸ್ಥಿತಿ ಎಲ್ಲ ಲೆಕ್ಕ ಹಿಡಿದು ಸರಿದೂಗಿಸುತ್ತಿದ್ದರು, ಆದರೂ ಹೀಗಾಯಿತು. ನಮ್ಮ ಸಣ್ಣ ಆಸ್ಪತ್ರೆಯಲ್ಲಿ ಒಬ್ಬ ಸರ್ಜನ್ ವರ್ಷಕ್ಕೆ ಮಾಡುವ ದೊಡ್ಡ ಕೇಸುಗಳೇ ಕಡಿಮೆ. ಅದರಲ್ಲಿ ಒಂದು ಸಾವು ಹೆಚ್ಚಾದರೂ ಪ್ರಮಾಣ ದುಪ್ಪಟ್ಟು ಕಾಣುತ್ತದೆ, ಅದು ಕೈಗುಣವೋ ಅದೃಷ್ಟವೋ ಯಾವ ಲೆಕ್ಕಿಗನೂ ಹೇಳಲಾರ.

ಕೈಕೆಲಸ ನೋಡಬೇಕಾ? ಅದಕ್ಕೆ ದಾರಿ ಇದೆ. ಮಿಷಿಗನ್‌ನಲ್ಲಿ ಬೊಜ್ಜಿನ ಆಪರೇಷನ್ ಮಾಡುವ 20 ಸರ್ಜನ್‌ಗಳು ತಮ್ಮದೇ ಒಂದೊಂದು ವಿಡಿಯೋ ಕೊಟ್ಟರು. ಯಾರದ್ದು ಎಂದು ಹೇಳದೆ ಬೇರೆ ಸರ್ಜನ್‌ಗಳಿಗೆ ತೋರಿಸಿ ಅಂಕ ಹಾಕಿಸಿದರು. ಕಡಿಮೆ ಅಂಕ ಬಂದವರ ರೋಗಿಗಳಲ್ಲಿ 14.5% ಜನರಿಗೆ ತೊಡಕು, ಜಾಸ್ತಿ ಅಂಕ ಬಂದವರಲ್ಲಿ 5.2%. ಇದು 2013ರಲ್ಲಿ ಪ್ರಕಟವಾಯಿತು. ಸಣ್ಣ ತೂತಿನಿಂದ ಮಾಡುವ ಲ್ಯಾಪ್ರೋಸ್ಕೋಪಿಯಲ್ಲಿ ಕ್ಯಾಮೆರಾ ಹೇಗೂ ಒಳಗೇ ಇರುತ್ತದೆ. ಒಂದು ಪೆನ್‌ಡ್ರೈವ್ ಹಾಕಿದರೆ ಮುಗಿಯಿತು. ನನ್ನ ಪಿತ್ತಕೋಶದ ವಿಡಿಯೋ ಬೇರೆ ಊರಿನ ಸರ್ಜನ್ ನೋಡಲಿ, ನನಗೇನೂ ಸಂಕೋಚ ಇಲ್ಲ. (ನನ್ನ ಪಿತ್ತಕೋಶ ಅಲ್ಲ, ರೋಗಿಯದ್ದು. ಮತ್ತೆ ರೋಗಿಯ ಒಪ್ಪಿಗೆ ತಗೊಂಡು, ಹೆಸರು ತೆಗೆದು.)

ಪಿಜಿ_ಮೂರನೇ_ವರ್ಷ

ನಾನು ಈಗ ಓದುತ್ತಿರುವವಳು. ನಮಗೆ ಲಾಗ್‌ಬುಕ್ ಇದೆ. ರೋಗಿಯ ಜೊತೆ ಮಾತಾಡುವುದನ್ನು, ಪರೀಕ್ಷೆ ಮಾಡುವುದನ್ನು ಕನ್ಸಲ್ಟೆಂಟ್ ಹತ್ತಿಪ್ಪತ್ತು ನಿಮಿಷ ಪಕ್ಕದಲ್ಲಿ ನಿಂತು ನೋಡಿ ಅಲ್ಲೇ ತಪ್ಪು ಒಪ್ಪು ಹೇಳುವ ಮಿನಿ ಸೆಕ್ಸ್ ಎಂಬ ಪದ್ಧತಿ ಇದೆ. ಸಿ, ಇ, ಎಕ್ಸ್ ಎಂಬ ಇಂಗ್ಲಿಷಿನ ಮೂರು ಅಕ್ಷರ ಸೇರಿ ಆದ ಹೆಸರು, ಮನೆಯಲ್ಲಿ ಹೇಳುವಾಗ ಕಷ್ಟ. ಅಮೆರಿಕದಲ್ಲಿ 1990ರ ದಶಕದಲ್ಲಿ ಜಾನ್ ನೋರ್ಸಿನಿ ಮತ್ತು ಜೊತೆಗಾರರು ರೂಪಿಸಿದ್ದು. ಸೂಜಿ, ಟ್ಯೂಬ್ ಹಾಕುವುದನ್ನು ನೋಡಲು ಡಾಪ್ಸ್ ಎಂಬುದು ಬೇರೆ. ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲೂ ಕೆಲಸ ಮಾಡಲೇಬೇಕು. ಅಲ್ಲಿಯೂ ಯಾರಾದರೂ ತಲೆ ಮೇಲೆ ಇರುತ್ತಾರೆ.

ಪರೀಕ್ಷೆ ಪಾಸಾದ ಮಾರನೇ ದಿನದಿಂದ ಯಾರೂ ಇಲ್ಲ. ನಿನ್ನೆ ತನಕ ಒಂದು ಡ್ರೈನ್ (ಆಪರೇಷನ್ ಜಾಗದ ನೀರು ಹೊರಬಿಡುವ ಕೊಳವೆ) ತೆಗೆಯಲು ಅನುಮತಿ ಕೇಳುತ್ತಿದ್ದವರು ಇವತ್ತು ತಾಲ್ಲೂಕಿಗೆ ಒಬ್ಬರೇ ಸ್ಪೆಷಲಿಸ್ಟ್! ನನಗೆ ಈಗಲೇ ಹೊಟ್ಟೆಯಲ್ಲಿ ಸಂಕಟ.

ಎಲ್ಲಿ ಕಲಿತರು ಎಂಬುದೂ ಲೆಕ್ಕಕ್ಕೆ ಬರುತ್ತದೆ. 2009ರಲ್ಲಿ ಫ್ಲೋರಿಡಾ ಮತ್ತು ನ್ಯೂಯಾರ್ಕಿನ ಲಕ್ಷಾಂತರ ಹೆರಿಗೆಗಳನ್ನು ನೋಡಿದ ಒಂದು ಅಧ್ಯಯನ ಬಂತು. ಕೆಳಗಿನ ಐದನೇ ಒಂದು ಭಾಗದ ಕಾರ್ಯಕ್ರಮಗಳಲ್ಲಿ ತರಬೇತಿ ಪಡೆದವರ ಕೈಯಲ್ಲಿ ತಾಯಂದಿರಿಗೆ ಆದ ದೊಡ್ಡ ತೊಡಕು, ಮೇಲಿನ ಐದನೇ ಒಂದು ಭಾಗದವರಿಗಿಂತ ಸುಮಾರು ಮೂರನೇ ಒಂದರಷ್ಟು ಜಾಸ್ತಿ. ಆ ವ್ಯತ್ಯಾಸಕ್ಕೆ ಅವರ ಪರೀಕ್ಷೆಯ ಅಂಕ ಕಾರಣ ಆಗಿರಲಿಲ್ಲ. ಗೋಲ್ಡ್ ಮೆಡಲ್ ಅಂಕಲ್‌ಗೆ ಇದನ್ನು ತೋರಿಸಿ.

ತೋಟದ_ರೈಟರ್

ನಾನು ಕೊಡಗಿನ ಸಿದ್ದಾಪುರ ಕಡೆ ಒಂದು ತೋಟದಲ್ಲಿ ರೈಟರ್, ಅಂದರೆ ಆಳುಗಳನ್ನು ನೋಡಿಕೊಂಡು ಲೆಕ್ಕ ಬರೆಯುವವನು. ರೋಗಿಗಳ ಅಭಿಪ್ರಾಯ ಎಂದಿರಲ್ಲ, ಅದರ ಬಗ್ಗೆ ಹೇಳುತ್ತೇನೆ.

ಆಸ್ಪತ್ರೆಯ ಕೌಂಟರಿನಲ್ಲಿ ಒಂದು ಫಾರಂ ಇರುತ್ತದೆ. ನಗುವ ಮುಖ, ಅಳುವ ಮುಖ, ಕೆಳಗೆ ಎರಡು ಗೆರೆ ಬರೆಯಲು ಜಾಗ. ಅದನ್ನು ತುಂಬುವವರು ಯಾರು? ಕಾರಿನಲ್ಲಿ ಬಂದವರು. ನಮ್ಮ ಲೈನ್ ಮನೆಯ (ತೋಟದ ಕೆಲಸದವರ ಸಾಲುಮನೆ) ಎರವರು, ಜೇನುಕುರುಬರು, ಕೊಯ್ಲಿಗೆ ಬಂದ ಅಸ್ಸಾಮಿನ ಹುಡುಗರು ಯಾರೂ ತುಂಬುವುದಿಲ್ಲ. ನಮ್ಮ ಕಡೆಯ ಒಬ್ಬ ಎರವ ಹೆಂಗಸನ್ನು ಸಕ್ಕರೆ ಕಾಯಿಲೆಗೆ ಕರೆದುಕೊಂಡು ಹೋಗಿದ್ದೆ. ಹೊರಗೆ ಬಂದ ಮೇಲೆ 'ಡಾಕ್ಟರ್ ಏನು ಹೇಳಿದರು' ಎಂದು ಕೇಳಿದೆ. 'ಒಳ್ಳೆ ಡಾಕ್ಟರು, ಬೈಲಿಲ್ಲ' ಎಂದಳು. ಮಾತ್ರೆ ಊಟಕ್ಕೆ ಮೊದಲಾ ಆಮೇಲಾ ಅಂತ ಅವಳಿಗೆ ಗೊತ್ತಿಲ್ಲ. ಫಾರಂ ಕೊಟ್ಟಿದ್ದರೆ ನಗುವ ಮುಖಕ್ಕೆ ಗುರುತು ಹಾಕುತ್ತಿದ್ದಳು, ಅಷ್ಟೇ.

ಅದಕ್ಕೆ ನನ್ನ ಸಲಹೆ. ಡಾಕ್ಟರ್ ಹೇಗಿದ್ದಾರೆ ಅಂತ ಕೇಳಬೇಡಿ. ರೋಗಿ ಹೊರಗೆ ಬಂದಾಗ ನಿಮ್ಮ ಕಾಯಿಲೆ ಏನು, ಈ ಮಾತ್ರೆ ಯಾವಾಗ, ಮತ್ತೆ ಯಾವಾಗ ಬರಬೇಕು ಎಂದು ಕೇಳಿ. ಅವರ ಭಾಷೆ ಬಲ್ಲವರ ಕೈಯಲ್ಲಿ ಕೇಳಿಸಿ. ಉತ್ತರ ಬಂದರೆ ಡಾಕ್ಟರ್ ಕೆಲಸ ಮಾಡಿದ್ದಾರೆ.

ಹಳೇ_ಸ್ಟೆತ್

ರೈಟರ್ ಅವರೇ, ಇಷ್ಟು ಚೆನ್ನಾಗಿ ಯಾವ ಪ್ರೊಫೆಸರೂ ಹೇಳಲಿಲ್ಲ. ಕೆನಡಾದಲ್ಲಿ ಡಾಕ್ಟರಾಗುವ ಪರೀಕ್ಷೆಯಲ್ಲಿ ರೋಗಿಯ ಜೊತೆ ಮಾತಾಡುವುದಕ್ಕೂ ಅಂಕ ಇತ್ತು. ಅದರಲ್ಲಿ ಕಡಿಮೆ ಬಂದವರ ಮೇಲೆ ಮುಂದೆ ವೃತ್ತಿಯಲ್ಲಿ ದೂರು ಜಾಸ್ತಿ ಬಂತು. 2007ರ ಅಧ್ಯಯನ.

ಮಳೆಗಾಲ_ಡ್ಯೂಟಿ

ಎಲ್ಲ ಸರಿ ಸ್ವಾಮಿ. ಬರುವ ಡಾಕ್ಟರುಗಳೇ ಇಲ್ಲ, ಬಂದವರನ್ನು ಅಳೆಯುತ್ತಾ ಕೂರುತ್ತೀರಾ?

ನಾನು ಅರಿವಳಿಕೆ ಡಾಕ್ಟರ್. ಜೂನ್‌ನಿಂದ ಆಗಸ್ಟ್ ತನಕ ಇಲ್ಲಿ ಇದ್ದು ನೋಡಿ. ಕರೆಂಟ್ ಹೋದರೆ ಜನರೇಟರ್, ಡೀಸೆಲ್ ಮುಗಿದರೆ ಟಾರ್ಚು. ರಕ್ತ ಬೇಕೆಂದರೆ ಮಡಿಕೇರಿಯಿಂದ ಬರಬೇಕು, ನಡುವೆ ಮರ ಬಿದ್ದಿರುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳೇ ಜಾರಿ ಬಂದಾಗ ರಸ್ತೆಯೇ ಇರಲಿಲ್ಲ. ಸರ್ಜನ್ ಒಬ್ಬರೇ, ವಾರದ ಏಳು ದಿನವೂ ಆನ್‌ಕಾಲ್. ಅವರ ಹೆಂಡತಿಗೆ ಇಲ್ಲಿ ಕೆಲಸ ಇಲ್ಲ, ಮಕ್ಕಳ ಸ್ಕೂಲು ಮೈಸೂರಿನಲ್ಲಿ. ಇಂಥವರ ಮುಂದೆ ಫಾರಂ ಹಿಡಿದರೆ ಮುಂದಿನ ತಿಂಗಳು ಕರಾರೂ ಇಲ್ಲ, ಡಾಕ್ಟರೂ ಇಲ್ಲ.

1966ರಲ್ಲಿ ಡೊನಾಬೆಡಿಯನ್ ಎಂಬವರು ಚಿಕಿತ್ಸೆಯ ಗುಣಮಟ್ಟ ನೋಡುವಾಗ ವ್ಯವಸ್ಥೆ, ವಿಧಾನ, ಫಲ ಮೂರನ್ನೂ ನೋಡಬೇಕು ಎಂದರು. ನೀವು ಸೀದಾ ಎರಡನೆಯದಕ್ಕೆ ಹಾರಿದ್ದೀರಿ. ಸಮಿತಿ ಮೊದಲು ತನಗೆ ತಾನೇ ಮಾರ್ಕ್ಸ್ ಹಾಕಿಕೊಳ್ಳಲಿ. ಆಕ್ಸಿಜನ್, ರಕ್ತ, ರಜೆಯಲ್ಲಿ ಬದಲಿ ಡಾಕ್ಟರ್, ಇಷ್ಟಕ್ಕೆ.

ಬೆಳೆಗಾರ_ದಕ್ಷಿಣ ಕೊಡಗು

ಮಳೆಗಾಲ ಡಾಕ್ಟರೇ, ಕೋಪ ಬೇಡ. ಬದಲಿ ಡಾಕ್ಟರ್ ವಿಷಯ ಸರಿಯಾಗಿ ಚುಚ್ಚಿದಿರಿ, ನಮ್ಮಲ್ಲಿ ಆ ಏರ್ಪಾಡು ಇಲ್ಲ. ಅದನ್ನು ಸಮಿತಿಯಲ್ಲಿ ಎತ್ತುತ್ತೇನೆ. ಆದರೆ ಡಾಕ್ಟರ್ ಸಿಗುವುದೇ ಕಷ್ಟ ಎಂದು ಕೆಲಸವನ್ನೇ ನೋಡದೆ ಬಿಡುವುದೂ ಸರಿ ಅಲ್ಲ, ಅಲ್ವಾ? ಹೆರಿಗೆಗೆ ಬರುವ ಹೆಣ್ಣುಮಗಳಿಗೆ ಬೇರೆ ಡಾಕ್ಟರ್ ಆಯ್ಕೆ ಇಲ್ಲ ಎಂಬುದಕ್ಕೇ ಇರುವ ಒಬ್ಬರ ಕೆಲಸ ಚೆನ್ನಾಗಿರಬೇಕು.

ಹೆರಿಗೆ_ಡಾಕ್ಟರ್_ವಿರಾಜಪೇಟೆ

ಇಷ್ಟು ಹೊತ್ತು ಓದುತ್ತಿದ್ದೆ. ಒಂದು ಮುಖ್ಯ ವಿಷಯವನ್ನು ಇನ್ನೂ ಯಾರೂ ಮುಟ್ಟಿಲ್ಲ. ರೆಫರ್ ಮಾಡುವುದು.

ನಮ್ಮ ಜಿಲ್ಲೆಯಲ್ಲಿ ಕಷ್ಟದ ಕೇಸು ಎಂದರೆ ಆಂಬುಲೆನ್ಸ್. ಒಂದೋ ತಿತಿಮತಿ, ಹುಣಸೂರು ದಾಟಿ ಮೈಸೂರು, ಇಲ್ಲ ಸಂಪಾಜೆ ಘಾಟಿ ಇಳಿದು ಮಂಗಳೂರು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಈಗ ಇಬ್ಬರು ಡಾಕ್ಟರುಗಳನ್ನು ಪಕ್ಕಪಕ್ಕ ಇಡಿ. ಒಬ್ಬರು ಸ್ವಲ್ಪ ಏರುಪೇರು ಕಂಡರೂ ಕಳಿಸಿಬಿಡುತ್ತಾರೆ. ಅವರ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಸಾವು ಸೊನ್ನೆ. ಸತ್ತವರು ಮೈಸೂರಿನ ಲೆಕ್ಕಕ್ಕೆ ಹೋದರು, ಇಲ್ಲ ದಾರಿಯಲ್ಲಿ ಹೋದರೆ ಯಾರ ಲೆಕ್ಕಕ್ಕೂ ಇಲ್ಲ. ಇನ್ನೊಬ್ಬರು ಹೆರಿಗೆ ಆದ ಮೇಲೆ ರಕ್ತ ನಿಲ್ಲದ ತಾಯಿಯನ್ನು ಕಳಿಸಿದರೆ ಉಳಿಯುವುದಿಲ್ಲ ಎಂದು ಇಲ್ಲೇ ಇಟ್ಟುಕೊಂಡು ಹೋರಾಡುತ್ತಾರೆ. ಹಲವರನ್ನು ಉಳಿಸುತ್ತಾರೆ, ಒಬ್ಬಳು ಹೋಗುತ್ತಾಳೆ. ಪಟ್ಟಿ ನೋಡುವ ನಿಮ್ಮ ಸದಸ್ಯರು ಮೊದಲನೆಯವರ ಕರಾರು ಮುಂದುವರಿಸುತ್ತಾರೆ!

ತಡವಾಗಿ ಕಳಿಸುವವರೂ ಇದ್ದಾರೆ, ಅದು ಇದಕ್ಕಿಂತ ಕೆಟ್ಟದ್ದು. 'ನೋಡೋಣ, ನೋಡೋಣ' ಎಂದು ಕೈಮೀರಿದ ಮೇಲೆ ಆಂಬುಲೆನ್ಸ್ ಕರೆಯುವುದು.

ಹಾಗಾಗಿ ನನ್ನ ಮಟ್ಟಿಗೆ ಕೊಡಗಿನ ಸ್ಪೆಷಲಿಸ್ಟ್ ಕೆಲಸ ಗೊತ್ತಾಗುವುದು ರೆಫರಲ್ ಚೀಟಿಯಲ್ಲಿ. ಯಾವ ಹೊತ್ತಿಗೆ ಬಂದರು, ಯಾವ ಹೊತ್ತಿಗೆ ಕಳಿಸಿದರು, ನಡುವೆ ಏನು ಮಾಡಿದರು, ಎರಡು ಡ್ರಿಪ್ ಹಾಕಿದ್ದಾರಾ, ಬಿಪಿ ಏರಿ ಫಿಟ್ಸ್ ಬಂದ ತಾಯಿಗೆ ಮೆಗ್ನೀಷಿಯಂ ಕೊಟ್ಟಿದ್ದಾರಾ, ಆ ಕಡೆಯ ಡಾಕ್ಟರ ಜೊತೆ ಮಾತಾಡಿದ್ದಾರಾ, ಜೊತೆಗೆ ಸಿಸ್ಟರ್ ಹೋದರಾ. 'ಹೆಚ್ಚಿನ ಚಿಕಿತ್ಸೆಗಾಗಿ ಕಳಿಸಲಾಗಿದೆ' ಎಂಬ ಒಂದೇ ಸಾಲಿನ ಚೀಟಿ ಕಂಡರೆ ನನಗೆ ಮೈ ಉರಿಯುತ್ತದೆ. ಹಾವು ಕಡಿತ ತಗೊಳ್ಳಿ. 2024ರಿಂದ ಕರ್ನಾಟಕದಲ್ಲಿ ಅದನ್ನು ವರದಿ ಮಾಡುವುದು ಕಡ್ಡಾಯ. ವಿಷ ಇಳಿಸುವ ಆ್ಯಂಟಿವೆನಮ್ ಮೊದಲ ಡೋಸ್ ಇಲ್ಲೇ ಹಾಕಿ ಕಳಿಸಿದ ರೋಗಿಗೂ, ಬರೀ ಕೈಯಲ್ಲಿ ಕಳಿಸಿದ ರೋಗಿಗೂ ಇರುವ ಅಂತರ ರಸ್ತೆಯ ಆ ಗಂಟೆಗಳೇ.

ಮುಖ್ಯವಾಗಿ, ಕಳಿಸಿದವರಿಗೆ ಆಮೇಲೆ ಏನಾಯಿತು ಎಂದು ಕೇಳಿ ಬರೆದಿಡಿ. ಅದನ್ನು ಬರೆದಿಟ್ಟ ರಿಜಿಸ್ಟರನ್ನು ನಾನು ನೋಡಿರುವುದು ಬಹಳ ಕಡಿಮೆ.

ಸಿಸೇರಿಯನ್ ಲೆಕ್ಕಕ್ಕೂ ಇದೇ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (ಎನ್‌ಎಫ್‌ಎಚ್‌ಎಸ್ 5) ಪ್ರಕಾರ ದೇಶದಲ್ಲಿ 21.5% ಹೆರಿಗೆ ಸಿಸೇರಿಯನ್ ಆಗಿತ್ತು. ಆ ಒಂದು ಸಂಖ್ಯೆ ಹಿಡಿದು ನಿಮ್ಮ ಡಾಕ್ಟರನ್ನು ಬೈಯಬೇಡಿ. ಮೊದಲೇ ಸಿಸೇರಿಯನ್ ಆದವರು, ಮಗು ಅಡ್ಡ ಇರುವವರು ಎಲ್ಲ ಆಕೆಯ ಹತ್ತಿರವೇ ಬರುತ್ತಿದ್ದರೆ ಪ್ರಮಾಣ ಏರುತ್ತದೆ. ರಾಬ್ಸನ್ ಪದ್ಧತಿಯಲ್ಲಿ ತಾಯಂದಿರನ್ನು 10 ಗುಂಪು ಮಾಡುತ್ತಾರೆ. ಮೊದಲ ಗುಂಪು ನೋಡಿ ಸಾಕು. ಚೊಚ್ಚಲು, ಒಂದೇ ಮಗು, ತಲೆ ಕೆಳಗೆ, ತಿಂಗಳು ತುಂಬಿದೆ, ನೋವು ತಾನಾಗಿ ಬಂದಿದೆ. ಇವರಲ್ಲೂ ಕೊಯ್ಯುವುದು ಜಾಸ್ತಿ ಇದ್ದರೆ ಯಾಕೆ ಎಂದು ಕೇಳಿ.

ಮಳೆಗಾಲ_ಡ್ಯೂಟಿ

ಮೇಡಂ, ಇದು ಒಪ್ಪುವ ಮಾತು. ನನ್ನ ಕೋಪ ಸ್ವಲ್ಪ ಇಳಿಯಿತು. ಆದರೆ ಈ ಚೀಟಿಗಳನ್ನು ಓದಿ ತೀರ್ಪು ಕೊಡುವವರು ಯಾರು? ಬೆಳೆಗಾರರಾ? ಸರ್ಜನ್ ಕೆಲಸ ನೋಡಲು ಇನ್ನೊಬ್ಬ ಸರ್ಜನ್ ಬೇಕು. ಆ ಆಸ್ಪತ್ರೆಯಲ್ಲಿ ಇರುವುದೇ ಒಬ್ಬರು.

ಹೆರಿಗೆ_ಡಾಕ್ಟರ್_ವಿರಾಜಪೇಟೆ

ಅದಲುಬದಲು ಮಾಡಬೇಕು. ಎರಡು ಮೂರು ಸಣ್ಣ ಆಸ್ಪತ್ರೆಗಳು ಸೇರಲಿ. ನಿಮ್ಮ ಸರ್ಜನ್ ಫೈಲು ಕುಶಾಲನಗರದ ಸರ್ಜನ್ ಓದಲಿ, ಅವರದ್ದು ನಿಮ್ಮವರು ಓದಲಿ. ಫೈಲನ್ನು ಡಾಕ್ಟರೇ ಆರಿಸಿ ಕೊಡಬಾರದು. ಮೆಡಿಕಲ್ ರೆಕಾರ್ಡ್ಸಿನವರು ಕಣ್ಣು ಮುಚ್ಚಿ ಕೆಲವು ತೆಗೆಯಲಿ, ಅದರ ಜೊತೆ ರೆಫರ್ ಮಾಡಿದ್ದೆಲ್ಲ, ಸಾವೆಲ್ಲ. ತಾಯಿ ಸತ್ತರೆ ಹೇಗೂ ಸರ್ಕಾರದ ಪರಿಶೀಲನೆ ಇದ್ದೇ ಇದೆ. ಸಾಯದೆ ಉಳಿದ, ಆದರೆ ಸ್ವಲ್ಪದರಲ್ಲಿ ತಪ್ಪಿದ ಕೇಸುಗಳಲ್ಲೇ ಕಲಿಯುವುದು ಜಾಸ್ತಿ.

ಲ್ಯಾಪ್_ಸರ್ಜನ್

ನಾನು ತಯಾರು. ಆದರೆ ಒಂದು ಷರತ್ತು. ಅಲ್ಲಿ ಆಡಿದ ಮಾತು ಕರಾರಿನ ಸಭೆಗೆ ಹೋಗಬಾರದು. 1995ರಲ್ಲಿ ಸುಪ್ರೀಂ ಕೋರ್ಟ್ ವಿ.ಪಿ. ಶಾಂತಾ ಪ್ರಕರಣದಲ್ಲಿ ನಮ್ಮನ್ನು ಗ್ರಾಹಕ ಕಾನೂನಿನ ಕೆಳಗೆ ತಂದ ಮೇಲೆ ಯಾವ ಡಾಕ್ಟರೂ ತನ್ನ ಕೊರತೆಯನ್ನು ಕಾಗದದಲ್ಲಿ ಬರೆಯುವುದಿಲ್ಲ. ಕೆಲಸ ಹೋಗುತ್ತದೆ ಎಂಬ ಭಯವೂ ಸೇರಿದರೆ ಎಲ್ಲರ ಫೈಲೂ ಫಳಫಳ ಹೊಳೆಯುತ್ತದೆ, ಸಿಸ್ಟರ್ ಹೇಳಿದ ಒಂದೇ ಪೆನ್ನಿನ ಪಾರ್ಟೋಗ್ರಾಫ್ ತರಹ.

ಓಟಿ_ಸಿಸ್ಟರ್

ಅದು ನನಗೆ ಪೂರ್ತಿ ಒಪ್ಪಿಗೆ ಇಲ್ಲ ಸಾರ್. ಕಲಿಯುವ ಸಭೆ ಬೇರೆ ಇರಲಿ. ಆದರೆ ಅದೇ ಡಾಕ್ಟರ್ ರಾತ್ರಿ ಫೋನಿಗೆ ಮತ್ತೆ ಮತ್ತೆ ಬರಲಿಲ್ಲ ಅಂದರೆ? ಅದೂ ಗುಟ್ಟಾಗಿಯೇ ಇರಬೇಕಾ? ಸಮಿತಿಗೆ ಗೊತ್ತಾಗಲೇಬೇಕಾದ್ದು ಸ್ವಲ್ಪ ಇದೆ.

ಹಳೇ_ಸ್ಟೆತ್

ಇಬ್ಬರದ್ದೂ ಹಳೆಯ ಜಗಳ, ಬ್ರಿಟನ್‌ನಲ್ಲೂ ಮುಗಿದಿಲ್ಲ. ನಾನು ಸಿಸ್ಟರ್ ಕಡೆ ವಾಲುತ್ತೇನೆ. ಕೈ ಇನ್ನೂ ಪಳಗಿಲ್ಲ ಎಂಬುದು ಕಲಿಯುವ ಸಭೆಯ ವಿಷಯ. ಕರೆದರೆ ಬರುವುದಿಲ್ಲ ಎಂಬುದು ಕರಾರಿನ ವಿಷಯ. ನಡುವೆ ಬೀಳುವ ಕೇಸುಗಳು ಬರುತ್ತವೆ, ಆಗ ಕೂತು ಜಗಳ ಆಡಿ. ಡಾಕ್ಟರೇ ತನಗೆ ತಾನು ಮಾರ್ಕ್ಸ್ ಹಾಕಿಕೊಳ್ಳುವ ಫಾರಂ ಮಾತ್ರ ಬೇಡ. ನಮಗೆ ನಮ್ಮ ಕೆಲಸದ ಅಂದಾಜು ಸರಿಯಾಗಿ ಸಿಗುವುದಿಲ್ಲ ಎಂದು 2006ರ ಒಂದು ದೊಡ್ಡ ವಿಮರ್ಶೆಯೇ ಹೇಳಿದೆ.

ಬೆಳೆಗಾರ_ದಕ್ಷಿಣ ಕೊಡಗು

ಸಮಿತಿಗೆ ನಾನು ತಗೊಂಡು ಹೋಗುವುದು ಇಷ್ಟು. ಓಪಿಡಿ ಲೆಕ್ಕ, ಸಾವಿನ ಪಟ್ಟಿ ಎರಡನ್ನೂ ಕರಾರಿನ ಮಾತಿನಿಂದ ತೆಗೆಯುವುದು. ರೆಫರಲ್ ರಿಜಿಸ್ಟರ್ ಹೊಸದಾಗಿ ಶುರು ಮಾಡಿ, ಕಳಿಸಿದವರ ಮನೆಗೆ ವಾರದ ನಂತರ ಫೋನ್ ಮಾಡಿಸುವುದು. ಪಕ್ಕದ ತಾಲ್ಲೂಕಿನ ಆಸ್ಪತ್ರೆಯ ಜೊತೆ ಫೈಲ್ ಅದಲುಬದಲು. ರೋಗಿಗಳನ್ನು ಕೇಳಲು ರೈಟರ್ ಹೇಳಿದ ಮೂರು ಪ್ರಶ್ನೆ. ಬದಲಿ ಡಾಕ್ಟರ್ ಏರ್ಪಾಡು ಇದೆಲ್ಲಕ್ಕಿಂತ ಮೊದಲು, ಇಲ್ಲದಿದ್ದರೆ ಮಳೆಗಾಲ ಡಾಕ್ಟರ್ ನನ್ನನ್ನು ಬಿಡುವುದಿಲ್ಲ. ಸಿಸ್ಟರುಗಳ ಅಭಿಪ್ರಾಯ ಹೆಸರಿಲ್ಲದೆ.

ಓಟಿ_ಸಿಸ್ಟರ್

ರಾತ್ರಿ ಪಾಳಿಯವರಿಗೂ ಕೊಡಿ. ನರ್ಸಿಂಗ್ ಸೂಪರಿಂಟೆಂಡೆಂಟ್ ಒಬ್ಬರೇ ಎಲ್ಲರ ಪರವಾಗಿ ತುಂಬಿ ಕೊಡುವ ಹಾಗೆ ಆಗಬಾರದು. ಮೂವರು ನಾಲ್ವರು ಮಾತ್ರ ಇರುವ ವಾರ್ಡಿನಲ್ಲಿ ಹೆಸರು ಇಲ್ಲದಿದ್ದರೂ ಅಕ್ಷರ ನೋಡಿ ಗೊತ್ತಾಗುತ್ತದೆ, ಟಿಕ್ ಮಾಡುವ ಫಾರಂ ಇರಲಿ.

ಹೆರಿಗೆ_ಡಾಕ್ಟರ್_ವಿರಾಜಪೇಟೆ

ಒಂದು ಬಿಟ್ಟುಹೋಯಿತು. ರಿಜಿಸ್ಟರನ್ನು ವಾರ್ಡಿನಲ್ಲಿ ಇಡಬೇಡಿ, ಕ್ಯಾಶುವಾಲ್ಟಿ ಬಾಗಿಲಲ್ಲಿ ಇಡಿ. ಅಡ್ಮಿಟ್ ಮಾಡದೆ, ಜೀಪಿನಿಂದ ಇಳಿಸುವ ಮೊದಲೇ 'ಮೈಸೂರಿಗೆ ಹೋಗಿ' ಎಂದು ಕಳಿಸಿದವರು ಯಾವ ಪುಸ್ತಕದಲ್ಲೂ ಇರುವುದಿಲ್ಲ.

ಬೆಳೆಗಾರ_ದಕ್ಷಿಣ ಕೊಡಗು

ಸೇರಿಸಿದೆ ಮೇಡಂ. ರಾತ್ರಿ ಬಾಗಿಲಲ್ಲಿ ಇರುವುದು ಸೆಕ್ಯೂರಿಟಿ ಒಬ್ಬನೇ. ಗಾಡಿ ನಂಬರು, ಬಂದ ಹೊತ್ತು ಅವನು ಬರೆಯಲಿ, ಉಳಿದದ್ದು ಡ್ಯೂಟಿ ಸಿಸ್ಟರ್.